ರೀಫ್ ಟ್ಯಾಂಕಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟನ್ನು ಹದದಲ್ಲಿ ಇಡುವುದು ಹೇಗೆ

ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್ ಇಟ್ಟವರಲ್ಲಿ ಹೆಚ್ಚಿನವರು ಗಾಜಿನ ಮೇಲೆ ಪಾಚಿ ಕಂಡೊಡನೆ ನೈಟ್ರೇಟ್ ಮತ್ತು ಫಾಸ್ಫೇಟುಗಳನ್ನು ಶತ್ರುಗಳೆಂದು ಎಣಿಸಿ, ಅವೆರಡೂ ಸೊನ್ನೆಗೆ ಇಳಿಯುವ ತನಕ ಸಮಾಧಾನಪಡುವುದಿಲ್ಲ. ಮೊದಲ ಎರಡು ವರ್ಷ ನಾನೂ ಹಾಗೆಯೇ ನಡೆದುಕೊಂಡಿದ್ದೆ. ಫಾಸ್ಫೇಟ್ ಹೀರಿಕೊಳ್ಳುವ ಕಬ್ಬಿಣದ ಆಕ್ಸೈಡ್ ಹರಳುಗಳನ್ನು, ಅಂದರೆ ಹವ್ಯಾಸಿಗಳು ಜಿಎಫ್‌ಒ ಎಂದು ಕರೆಯುವ ವಸ್ತುವನ್ನು, 200 ಲೀಟರಿನ ನನ್ನ ಟ್ಯಾಂಕಿಗೆ ಧಾರಾಳವಾಗಿ ಬಳಸಿದೆ. ಮೂರನೆಯ ವಾರದಲ್ಲಿ ಟೆಸ್ಟ್ ಕಿಟ್ ಸೊನ್ನೆ ತೋರಿಸಿತು. ಅದಾಗಿ ಹತ್ತು ದಿನಕ್ಕೆ ಮರಳಿನ ಮೇಲೆ ಕಂದು ಲೋಳೆ ಹರಡಿ, ಎಳೆ ಎಳೆಯಾಗಿ ಮೇಲೆದ್ದು, ಎಳೆಯ ತುದಿಗಳಲ್ಲಿ ಗಾಳಿಗುಳ್ಳೆಗಳು ನಿಂತವು. ಬೆಳಗ್ಗೆ ದೀಪ ಹತ್ತುವ ಮುನ್ನ ಮರಳು ಬೆಳ್ಳಗೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಂದಾಗುತ್ತಿತ್ತು. ಅದು ಪಾಚಿಯಾಗಿರಲಿಲ್ಲ, ಡೈನೋಫ್ಲಾಜಲೇಟ್ ಆಗಿತ್ತು. ನೀರಿನಲ್ಲಿ ಪೋಷಕಾಂಶ ತೀರಾ ಬರಿದಾಗಿ ಇತರ ಸೂಕ್ಷ್ಮಜೀವಿಗಳು ಸೊರಗಿದಾಗ ತೆರವಾಗುವ ಜಾಗವನ್ನು ಆಕ್ರಮಿಸುವ ಜೀವಿ ಅದು.

ಹವಳದ ಅಂಗಾಂಶದೊಳಗೆ ವಾಸಿಸುವ ಏಕಕೋಶ ಪಾಚಿಗಳಿಗೆ ನೈಟ್ರೇಟಿನಲ್ಲಿರುವ ಸಾರಜನಕವೂ ಫಾಸ್ಫೇಟಿನಲ್ಲಿರುವ ರಂಜಕವೂ ಬೇಕು. ಆ ಪಾಚಿ ತಯಾರಿಸುವ ಸಕ್ಕರೆಯಿಂದಲೇ ಹವಳ ಬಹುಮಟ್ಟಿಗೆ ಬದುಕುತ್ತದೆ. ನಿಜವಾದ ಹವಳದ ದಿಬ್ಬದ ನೀರಿನಲ್ಲಿ ಇವೆರಡೂ ಅತ್ಯಲ್ಪವಿರುತ್ತವೆ ಎಂಬುದು ಸತ್ಯವೇ. ಆದರೆ ಅಲ್ಲಿ ಹಗಲಿರುಳು ಹೊಸ ನೀರು ಹರಿದುಬಂದು ತೇಲುವ ಸಣ್ಣ ಜೀವಿಗಳ, ಅಂದರೆ ಪ್ಲವಕಗಳ, ಆಹಾರವನ್ನು ಹೊತ್ತು ತರುತ್ತದೆ. ನಮ್ಮ ಗಾಜಿನ ತೊಟ್ಟಿಯಲ್ಲಿ ಆ ಸೌಲಭ್ಯವಿಲ್ಲ. ಆದ್ದರಿಂದ ನೈಟ್ರೇಟನ್ನು 2ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ನಡುವೆಯೂ ಫಾಸ್ಫೇಟನ್ನು 0.03ರಿಂದ 0.1 ಪಿಪಿಎಂ ನಡುವೆಯೂ ಇಟ್ಟುಕೊಳ್ಳುವುದು ಮನೆಯ ಟ್ಯಾಂಕಿಗೆ ಹದವಾದ ಮಟ್ಟ. ಲೆದರ್, ಜೋಆಂಥಿಡ್, ಮಶ್ರೂಮ್ ಮುಂತಾದ ಮೆದುಹವಳಗಳು ಇದಕ್ಕಿಂತ ತುಸು ಹೆಚ್ಚಿದ್ದರೂ ಚೆನ್ನಾಗಿಯೇ ಇರುತ್ತವೆ. ನಾನು ಇಟ್ಟಿರುವುದು ಇವನ್ನೇ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದಿಂದಾಗಲಿ ನಮ್ಮ ಬೇರೆ ಯಾವುದೇ ಕರಾವಳಿಯಿಂದಾಗಲಿ ಅವುಗಳ ಒಂದು ತುಂಡನ್ನು ಎತ್ತಿ ತರುವುದೂ ಅಪರಾಧ.

ಇಲ್ಲಿ ಅನುಪಾತದ ಮಾತು ಬರುತ್ತದೆ. ಸಮುದ್ರದ ಪ್ಲವಕಗಳಲ್ಲಿ ಸಾರಜನಕದ 16 ಪರಮಾಣುಗಳಿಗೆ ರಂಜಕದ ಒಂದು ಪರಮಾಣು ಇರುತ್ತದೆ ಎಂಬ ಲೆಕ್ಕ ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ 1934ರಿಂದ ಮಂಡಿಸುತ್ತ ಬಂದ ಕೆಲಸದಿಂದ ಹುಟ್ಟಿದ್ದು. ಪಿಪಿಎಂನಲ್ಲಿ ಹೇಳುವುದಾದರೆ ಅದು ನೈಟ್ರೇಟ್ 10 ಭಾಗಕ್ಕೆ ಫಾಸ್ಫೇಟ್ ಸುಮಾರು ಒಂದು ಭಾಗ. ಆದರೆ ಅದು ಜೀವಿಯ ಮೈಯ ಲೆಕ್ಕವೇ ಹೊರತು ಟ್ಯಾಂಕಿನ ನೀರಿನ ಗುರಿಯಲ್ಲ. 5 ಪಿಪಿಎಂ ನೈಟ್ರೇಟ್ ಮತ್ತು 0.05 ಪಿಪಿಎಂ ಫಾಸ್ಫೇಟ್ ಇರುವ ಟ್ಯಾಂಕಿನಲ್ಲಿ ಅನುಪಾತ ನೂರಕ್ಕೆ ಒಂದಾಗುತ್ತದೆ, ಆದರೂ ಅಲ್ಲಿ ಹವಳಗಳು ನಳನಳಿಸುತ್ತವೆ. ಎರಡರಲ್ಲಿ ಯಾವುದೂ ಪೂರ್ತಿ ಮುಗಿದುಹೋಗದಂತೆ, ದಿನದಿಂದ ದಿನಕ್ಕೆ ಏರುಪೇರಾಗದಂತೆ ನೋಡಿಕೊಳ್ಳುವುದೇ ಮುಖ್ಯವೆಂದು ನನ್ನ ಅನುಭವ ಹೇಳುತ್ತದೆ.

ಅಳತೆ ಸರಿಯಿಲ್ಲದಿದ್ದರೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿರುವುದಿಲ್ಲ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಮೀನಿಗೆ ಆಹಾರ ಹಾಕುವ ಮುನ್ನ ಪರೀಕ್ಷೆ ಮಾಡಬೇಕು. ಬಣ್ಣ ಹೋಲಿಸುವ ಕಿಟ್ ಆದರೆ ಬಿಳಿ ಕಾಗದದ ಮೇಲೆ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಬೇಕು; ಟ್ಯಾಂಕಿನ ನೀಲಿ ದೀಪದಡಿ ನೋಡಿದ ಬಣ್ಣ ಮೋಸ ಮಾಡುತ್ತದೆ. ಫಾಸ್ಫೇಟಿನ ಇಷ್ಟು ಸಣ್ಣ ಪ್ರಮಾಣವನ್ನು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟವಾದ್ದರಿಂದ ಅದಕ್ಕೆ ಬಣ್ಣದ ಗಾಢತೆಯನ್ನು ಅಳೆದು ಅಂಕಿ ತೋರಿಸುವ ಡಿಜಿಟಲ್ ಕಲರಿಮೀಟರ್ ಕೊಳ್ಳುವುದು ಒಳ್ಳೆಯದು. ಅದರ ಗಾಜಿನ ಬಾಟಲಿಯ ಮೇಲೆ ಬೆರಳಿನ ಗುರುತು ಉಳಿದರೂ ಅಂಕಿ ತಪ್ಪಾಗುತ್ತದೆ, ಆದ್ದರಿಂದ ಒಳಗಿಡುವ ಮುನ್ನ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕೆಲವು ಮೀಟರುಗಳು ಫಾಸ್ಫೇಟಿಗೆ ಬದಲಾಗಿ ರಂಜಕವನ್ನು ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದ ಒಂದು ಭಾಗದಲ್ಲಿ, ತೋರಿಸುತ್ತವೆ. ಆ ಅಂಕಿಯನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಉದಾಹರಣೆಗೆ ಮೀಟರು 16 ಎಂದರೆ ಫಾಸ್ಫೇಟ್ ಸುಮಾರು 0.05 ಪಿಪಿಎಂ.

ಮುಂದೆ ನೋಡಬೇಕಾದದ್ದು ಮೂಲದ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡವೇ ಲೀಟರಿಗೆ 45 ಮಿಲಿಗ್ರಾಂ ತನಕ ನೈಟ್ರೇಟಿಗೆ ಅವಕಾಶ ಕೊಡುತ್ತದೆ. ನಮ್ಮ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಹೆಚ್ಚಿರುವುದೂ ಉಂಟು. ಅಡುಗೆಮನೆಯ ಆರ್‌ಒ ಫಿಲ್ಟರ್ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ, ಏಕೆಂದರೆ ಅವುಗಳಲ್ಲಿ ಅನೇಕವು ರುಚಿಗಾಗಿ ಒಂದಿಷ್ಟು ಶೋಧಿಸದ ನೀರನ್ನೋ ಲವಣಗಳನ್ನೋ ಮತ್ತೆ ಬೆರೆಸುತ್ತವೆ. ಆರ್‌ಒ ಪೊರೆಯ ನಂತರ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ಜೋಡಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರು 0 ತೋರಿಸುವ ನೀರಿನಲ್ಲಿಯೇ ಉಪ್ಪು ಕಲಸಬೇಕು. ಆವಿಯಾದ ನೀರನ್ನು ತುಂಬಲೂ ಅದೇ ನೀರನ್ನು ಬಳಸಬೇಕು.

ಈ ಎರಡು ಪೋಷಕಾಂಶಗಳು ಒಂದೇ ರೀತಿ ವರ್ತಿಸುವುದಿಲ್ಲ ಎಂಬುದನ್ನು ಗಮನಿಸಿದರೆ ಅರ್ಧ ಗೊಂದಲ ತೀರುತ್ತದೆ. ಆಹಾರದಲ್ಲಿನ ಸಾರಜನಕ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಂದು ಹಂತ ಹಂತವಾಗಿ ಬದಲಾಗಿ, ಕಲ್ಲಿನ ಒಳಪದರದಲ್ಲಿ ಆಮ್ಲಜನಕವಿಲ್ಲದ ಜಾಗ ಸಿಕ್ಕರೆ ಅನಿಲವಾಗಿ ಗಾಳಿಗೆ ಸೇರುತ್ತದೆ. ರಂಜಕಕ್ಕೆ ಹೀಗೆ ಗಾಳಿಗೆ ಹೋಗುವ ದಾರಿಯೇ ಇಲ್ಲ. ಅದನ್ನು ನಾವಾಗಿಯೇ ಹೊರತೆಗೆಯಬೇಕು, ಇಲ್ಲವಾದರೆ ಅದು ಕಲ್ಲಿಗೂ ಮರಳಿಗೂ ಅಂಟಿಕೊಂಡು ಕೂರುತ್ತದೆ. ನೀರು ಬದಲಿಸಿದ ಎರಡೇ ದಿನಕ್ಕೆ ಫಾಸ್ಫೇಟ್ ಮೊದಲಿನ ಮಟ್ಟಕ್ಕೆ ಏರುವುದು ಇದರಿಂದಲೇ: ಕಲ್ಲು ಹೀರಿಟ್ಟುಕೊಂಡಿದ್ದನ್ನು ವಾಪಸು ಬಿಡುತ್ತಿರುತ್ತದೆ.

ಮಟ್ಟ ಹೆಚ್ಚಾಗಿದ್ದರೆ ಮೊದಲು ಆಹಾರವನ್ನು ನೋಡಬೇಕು. ಹೆಪ್ಪುಗಟ್ಟಿಸಿದ ಮೀನಿನ ಆಹಾರದ ಕ್ಯೂಬನ್ನು ತೊಳೆದು ಹಾಕುವುದರಿಂದ ದೊಡ್ಡ ವ್ಯತ್ಯಾಸವಾಗದು, ಏಕೆಂದರೆ ರಂಜಕದ ಬಹುಪಾಲು ಆಹಾರದ ಮೈಯೊಳಗೇ ಇರುತ್ತದೆ. ಮೀನು ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕುವುದು ಸರಿಯಾದ ದಾರಿ. ನೀರಿನ ಕೊಳೆಯನ್ನು ನೊರೆಯ ಮೂಲಕ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಕತ್ತನ್ನು ವಾರಕ್ಕೆರಡು ಬಾರಿ ತೊಳೆಯಬೇಕು, ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಮೇಲೇರುವುದಿಲ್ಲ. ಶೇಕಡ 10ರಷ್ಟು ನೀರು ಬದಲಿಸಿದರೆ 20 ಪಿಪಿಎಂ ನೈಟ್ರೇಟ್ 18ಕ್ಕೆ ಇಳಿಯುತ್ತದೆ, ಅಷ್ಟೇ. ಅದರಿಂದ ಹೆಚ್ಚು ನಿರೀಕ್ಷಿಸಬಾರದು. ಸಂಪಿನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸಿದ ಶೋಧಕದ ತೊಟ್ಟಿಯಲ್ಲಿ, ದೀಪ ಹಾಕಿ ಕೀಟೋಮಾರ್ಫಾ ಪಾಚಿ ಬೆಳೆಸಿ, ಕಾಲಕಾಲಕ್ಕೆ ಒಂದು ಹಿಡಿ ಕಿತ್ತು ತೆಗೆಯುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ, ಏಕೆಂದರೆ ಅದು ಎರಡನ್ನೂ ನಿಧಾನವಾಗಿ ಇಳಿಸುತ್ತದೆ. ಫಾಸ್ಫೇಟ್ ಮಾತ್ರ ಹೆಚ್ಚಿದ್ದರೆ ಜಿಎಫ್‌ಒ ಬಳಸಬಹುದು, ಆದರೆ ಪೊಟ್ಟಣದ ಮೇಲೆ ಹೇಳಿದ್ದರ ಕಾಲು ಭಾಗದಿಂದ ಆರಂಭಿಸಿ, ಒಂದು ವಾರದ ಅಳತೆ ನೋಡಿದ ಮೇಲಷ್ಟೇ ಹೆಚ್ಚಿಸಬೇಕು.

ನೈಟ್ರೇಟ್ ಹೆಚ್ಚಿದ್ದಾಗ ಬಣ್ಣವಾಗಲಿ ಪರಿಮಳವಾಗಲಿ ಸೇರಿಸದ ಬಿಳಿ ವಿನೆಗರನ್ನು 100 ಲೀಟರಿಗೆ ದಿನಕ್ಕೆ 1 ಮಿ.ಲೀ.ನಂತೆ ಹಾಕಲು ತೊಡಗಿ, ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಬಹುದು. ವಿನೆಗರಿನ ಇಂಗಾಲವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಸ್ವಲ್ಪ ಫಾಸ್ಫೇಟನ್ನೂ ಎಳೆದುಕೊಳ್ಳುತ್ತದೆ, ಅದನ್ನು ಸ್ಕಿಮ್ಮರ್ ಹೊರಹಾಕುತ್ತದೆ. ಈ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ಬಳಸುವುದರಿಂದ ಸ್ಕಿಮ್ಮರ್ ಇಲ್ಲದ ಟ್ಯಾಂಕಿನಲ್ಲಿ ಈ ವಿಧಾನ ಬೇಡ. ನೀರು ಮಬ್ಬಾದರೆ ಅಥವಾ ಪೈಪುಗಳ ಬಾಯಲ್ಲಿ ಬಿಳಿ ಲೋಳೆ ಕಂಡರೆ ಆ ದಿನವೇ ನಿಲ್ಲಿಸಬೇಕು.

ಮಟ್ಟ ಬರಿದಾಗಿದ್ದರೆ ಮೊದಲು ಜಿಎಫ್‌ಒ ತೆಗೆದು, ಆಹಾರ ಹೆಚ್ಚಿಸಬೇಕು. ಅದು ಸಾಲದಿದ್ದರೆ ಶುದ್ಧ ಸೋಡಿಯಂ ನೈಟ್ರೇಟ್ 20 ಗ್ರಾಂ ಅನ್ನು ಒಂದು ಲೀಟರ್ ಡಿಐ ನೀರಿನಲ್ಲಿ ಕರಗಿಸಿಟ್ಟುಕೊಂಡರೆ, ಅದರ 10 ಮಿ.ಲೀ. 200 ಲೀಟರಿನ ಟ್ಯಾಂಕಿನಲ್ಲಿ ನೈಟ್ರೇಟನ್ನು ಸುಮಾರು 0.7 ಪಿಪಿಎಂ ಏರಿಸುತ್ತದೆ. ಹನ್ನೆರಡು ನೀರಿನ ಅಣುಗಳುಳ್ಳ ಟ್ರೈಸೋಡಿಯಂ ಫಾಸ್ಫೇಟ್ 4 ಗ್ರಾಂ ಅನ್ನು ಅದೇ ರೀತಿ ಕರಗಿಸಿದರೆ 2 ಮಿ.ಲೀ.ಗೆ ಅದೇ ಟ್ಯಾಂಕಿನಲ್ಲಿ 0.01 ಪಿಪಿಎಂ ಫಾಸ್ಫೇಟ್ ಸಿಗುತ್ತದೆ. ಫಾಸ್ಫೇಟ್ ಹಾಕಿದ ಮೊದಲ ಕೆಲವು ದಿನ ಮೀಟರು ಕದಲದೇ ಇರಬಹುದು, ಏಕೆಂದರೆ ಹಸಿದ ಕಲ್ಲು ಅದನ್ನು ಮೊದಲು ಹೀರಿಕೊಳ್ಳುತ್ತದೆ. ಆಗ ಅವಸರಪಟ್ಟು ಪ್ರಮಾಣ ದುಪ್ಪಟ್ಟು ಮಾಡಬಾರದು. ನನ್ನ ಟ್ಯಾಂಕಿನಲ್ಲಿ ಮೀಟರು 0.03 ತೋರಿಸಲು ಹದಿನೇಳು ದಿನ ಬೇಕಾಯಿತು, ಕಂದು ಲೋಳೆ ಪೂರ್ತಿ ಹೋಗಲು ಎರಡು ತಿಂಗಳು. ಆ ಲೋಳೆಯನ್ನು ಪೈಪಿನಿಂದ ಎಳೆದು ತೆಗೆಯುವಾಗ ಕೈಗವಸು ಹಾಕಿಕೊಳ್ಳಬೇಕು, ಕೆಲವು ಡೈನೋಫ್ಲಾಜಲೇಟುಗಳು ವಿಷಕಾರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಖಿನೊಂದಿಗೆ ಬರೆದಿಟ್ಟು, ಎರಡು ವಾರ ಕಾಯಬೇಕು. ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವಾಗ ವಿನೆಗರ್ ಡೋಸಿಂಗನ್ನು ಎರಡು ದಿನ ಮೊದಲೇ ನಿಲ್ಲಿಸಬೇಕು. ಕರೆಂಟು ಹೋಗಿ ಸ್ಕಿಮ್ಮರ್ ನಿಂತರೆ ಆಮ್ಲಜನಕ ಕುಸಿದು ಮೊದಲು ಸಾಯುವುದು ಮೀನುಗಳು. ಮನೆ ನೋಡಿಕೊಳ್ಳುವವರ ಕೈಗೆ ಆಹಾರದ ಡಬ್ಬಿಯನ್ನೇ ಕೊಡದೆ, ದಿನಕ್ಕೊಂದು ಚಿಕ್ಕ ಪೊಟ್ಟಣದಂತೆ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಬೇಕು.