ಹಳೆಯ ಇಗರ್ಜಿಯಲ್ಲಿ ಹೊಸ ಕೆಲಸವನ್ನು ಗುರುತಿಸುವ ಬಗೆ

ಜೀರ್ಣೋದ್ಧಾರವಾದ ಕಟ್ಟಡದಲ್ಲಿ ಹಳತೆಷ್ಟು, ಹೊಸತೆಷ್ಟು ಎಂದು ತಿಳಿಯಬೇಕಾದರೆ ಮೊದಲು ತಲೆ ಎತ್ತಿ ಚಾವಣಿಯನ್ನು ನೋಡಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಕೆಥೆಡ್ರಲ್ (ಬಿಷಪ್ಪರ ಪ್ರಧಾನ ಇಗರ್ಜಿ) ಇದಕ್ಕೆ ಒಳ್ಳೆಯ ಪಾಠ. ಹದಿನಾರನೆಯ ಶತಮಾನದಿಂದ ಅಲ್ಲಿ ಭಕ್ತರು ಕೂರುವ ಪಶ್ಚಿಮದ ಅಂಗಣವೇ ಇರಲಿಲ್ಲ. 1868ರಲ್ಲಿ ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅದನ್ನು ಹೊಸದಾಗಿ ಕಟ್ಟಿಸತೊಡಗಿದರು. 1298ರಲ್ಲಿ ಆರಂಭವಾದ ಪೂರ್ವಭಾಗದಂತೆಯೇ ನಡುವಿನ ಅಂಗಣಕ್ಕೂ ಇಕ್ಕೆಲದ ಪಡಸಾಲೆಗಳಿಗೂ ಅವರು ಸಮನಾದ ಎತ್ತರವನ್ನು ಇರಿಸಿಕೊಂಡರು, ಆದರೆ ಚಾವಣಿಯ ಪಕ್ಕೆಗೆರೆಗಳ (ಕಮಾನು ಚಾವಣಿಯಲ್ಲಿ ಎದ್ದು ಕಾಣುವ ಕಲ್ಲಿನ ಪಟ್ಟಿಗಳ) ವಿನ್ಯಾಸವನ್ನು ನಕಲು ಮಾಡಲಿಲ್ಲ. ಈ ಸಂಯಮವೇ, ನನ್ನ ಮಟ್ಟಿಗೆ, ಅವರ ಕೆಲಸದ ದೊಡ್ಡ ಗುಣ. ಸ್ಟ್ರೀಟ್ 1881ರಲ್ಲಿ ತೀರಿಕೊಂಡರು. ಪಶ್ಚಿಮದ ಗೋಪುರಗಳು ಪೂರ್ಣಗೊಂಡದ್ದು 1888ರಲ್ಲಿ.

ಇದೇ ಕಣ್ಣಿನಿಂದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಬೇಳ ಇಗರ್ಜಿಯನ್ನು ನೋಡಬಹುದು. 1890ರ ಆ ಕಟ್ಟಡದ್ದೂ ಬ್ರಿಸ್ಟಲಿನಂತೆ ಮೊನಚು ಕಮಾನುಗಳ ಗಾಥಿಕ್ ಶೈಲಿಯೇ.

ಬಳಿಕ ಗೋಡೆಯ ಸಂದುಗಳತ್ತ ಬನ್ನಿ. ಕಾಸರಗೋಡಿನ ಹಳೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗಳಲ್ಲಿ ಸುಣ್ಣದ ಗಾರೆ ಮಾಸಲು ಬಿಳಿಯಾಗಿ, ಮೃದುವಾಗಿ, ಅಲ್ಲಲ್ಲಿ ಸುಣ್ಣದ ಸಣ್ಣ ಉಂಡೆಗಳನ್ನು ಉಳಿಸಿಕೊಂಡಿರುತ್ತದೆ; ಬೂದು ಬಣ್ಣದ, ಗಡುಸಾದ ಗಾರೆ ಕಂಡರೆ ಅದು ಸಿಮೆಂಟಿನ ತೇಪೆ. ಸಿಮೆಂಟು ತೇವವನ್ನು ಹೊರಬಿಡದ ಕಾರಣ, ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಗಟ್ಟಿಯಾಗಿ ನಿಂತು, ಅದರ ಅಂಚಿನ ಮುರಕಲ್ಲೇ ಪುಡಿಯಾಗಿ ಉದುರಿರುವುದು ಕಾಣಿಸೀತು. ಪರೀಕ್ಷಿಸುವ ನೆಪದಲ್ಲಿ ಗೋಡೆಯನ್ನು ಕೆರೆಯಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದರೆ ತೇಪೆಯ ಉಬ್ಬುತಗ್ಗುಗಳು ತಾವಾಗಿಯೇ ಎದ್ದು ಕಾಣುತ್ತವೆ. ಅವನ್ನು ಅಲ್ಲೇ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.