ಮಳೆಗಾಲದಲ್ಲಿ ಸ್ಲಾಟ್ ಕಾರು ಮುಗ್ಗರಿಸುತ್ತಿದ್ದರೆ

ಸ್ಲಾಟ್ ಕಾರೆಂದರೆ ಟ್ರ್ಯಾಕಿನ ಸೀಳಿನಲ್ಲಿ ಓಡುವ ಆಟದ ಕಾರು; ಸೀಳಿನ ಪಕ್ಕದ ಕಂಬಿಯಿಂದ ಅದಕ್ಕೆ ಕರೆಂಟ್ ಸಿಗುತ್ತದೆ. ಈ ಸ್ಟೀಲ್ ಕಂಬಿಗೆ ತುಕ್ಕು ಕೂತಿದ್ದರೆ ಸ್ಯಾಂಡ್‌ಪೇಪರ್ ಹಿಡಿಯಬೇಡಿ. ಪವರ್ ಆಫ್ ಮಾಡಿ, ಇಂಕ್ ಅಳಿಸುವ ಗಟ್ಟಿ ರಬ್ಬರಿನಿಂದ ಕಂಬಿ ಉದ್ದಕ್ಕೂ ಉಜ್ಜಿ, ಪುಡಿ ಒರೆಸಿ. ಆಮೇಲೆ ಹಳೇ ಬನಿಯನ್ ಬಟ್ಟೆಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ ಹಾಕಿ ಸವರಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಸ್ಯಾಂಡ್‌ಪೇಪರ್ ಬಿಟ್ಟ ಗೀರಿನೊಳಗೆ ನಮ್ಮ ಮಲೆನಾಡಿನ ಥಂಡಿ ಕೂತು ತುಕ್ಕು ಬೇಗ ವಾಪಸ್ ಬರುತ್ತದೆ. ತೆಳು ಎಣ್ಣೆ ಅದನ್ನು ತಡೆಯುತ್ತದೆ. ಕಾರಿನ ಅಡಿಯ ಬ್ರೇಡ್ (ಕರೆಂಟ್ ಎಳೆದುಕೊಳ್ಳುವ ಹೆಣೆದ ತಂತಿಪಟ್ಟಿ) ಎಣ್ಣೆಯನ್ನು ಸರಿಸಿಕೊಂಡು ಕಂಬಿ ಮುಟ್ಟುವುದರಿಂದ ಕರೆಂಟಿಗೇನೂ ಅಡ್ಡಿ ಇಲ್ಲ. ಎಣ್ಣೆ ಜಾಸ್ತಿಯಾದರೆ ಮಾತ್ರ ಕೆಟ್ಟಿತು: ಅದು ಟೈರಿಗೆ ಹತ್ತಿ, ಮೊದಲ ತಿರುವಿನಲ್ಲೇ ಕಾರು ಟ್ರ್ಯಾಕಿನಾಚೆ! ಮರದ ಟ್ರ್ಯಾಕಿಗೆ ತಾಮ್ರದ ಟೇಪ್ ಅಂಟಿಸಿಕೊಂಡವರು ತೀರಾ ಹಗುರವಾಗಿ ಉಜ್ಜಿ, ಇಲ್ಲದಿದ್ದರೆ ಟೇಪಿನ ಅಂಚು ಏಳುತ್ತದೆ. ಪ್ರತಿ ಸುತ್ತಲ್ಲೂ ಕಾರು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಸುಮ್ನೆ ಕಂಬಿ ಉಜ್ಜುತ್ತಾ ಕೂರಬೇಡಿ, ಅಲ್ಲಿ ಟ್ರ್ಯಾಕಿನ ಜಾಯಿಂಟ್ ಸಡಿಲವಾಗಿರಬಹುದು. ಶಿವಮೊಗ್ಗದಲ್ಲಿ ನನಗೆ ಹದಿನೈದು ದಿನಕ್ಕೊಮ್ಮೆ ಉಜ್ಜಿದರೆ ಸಾಕಾಗುತ್ತದೆ. ಆಗುಂಬೆ, ಹೊಸನಗರದ ಕಡೆಯವರು ವಾರಕ್ಕೊಮ್ಮೆ ಮಾಡಬೇಕಾದೀತು.