ಅಲಂಕಾರ ಗುರುತಿಸಲು ರಬ್ಬರ್ ಸಾಕು: ನನ್ನ ಅನುಭವ

ಸಾಲಿನ ತುಂಡುಗಳನ್ನು ಒಂದೊಂದಾಗಿ ಅಳಿಸಿಸಿ ಅಲಂಕಾರ, ಅಂದರೆ ಮಾತಿಗೆ ಸೊಗಸು ಕೊಡುವ ಹೋಲಿಕೆ, ಪದಚಮತ್ಕಾರದಂಥವನ್ನು, ಮಕ್ಕಳಿಗೆ ಗುರುತಿಸಲು ಕಲಿಸುತ್ತೇನೆ. ಲಕ್ಷಣ (ಅಲಂಕಾರದ ವ್ಯಾಖ್ಯೆ) ಮೊದಲು ಬಾಯಿಪಾಠ ಆಗಬೇಕು, ಪದ್ಯ ಆಮೇಲೆ ಎನ್ನುವವರು ಈ ಅಳಿಸುವ ವಿಧಾನವನ್ನು ಮಕ್ಕಳಾಟ ಎಂದೇ ಅಂದಿದ್ದರು. ಈಗ ಹತ್ತನೇ ತರಗತಿಯವರಿಗೆ ಕಂಡರಿಯದ ಸಾಲು ಕೊಟ್ಟರೂ ಹತ್ತಕ್ಕೆ ಎಂಟರ ಆಸುಪಾಸು ಸರಿ ಹೇಳುತ್ತಾರೆ. ಮೊದಲು ಅರ್ಧ ದಾಟುವುದೂ ಕಷ್ಟವಿತ್ತು. ಆಟ ಅಂದವರಲ್ಲೇ ಒಂದಿಬ್ಬರು ಕಾರ್ಡುಗಳ ಜೆರಾಕ್ಸ್ ಕೇಳಿ ಒಯ್ದಿದ್ದಾರೆ. ಲಕ್ಷಣಗಳನ್ನು ಉದ್ದಕ್ಕೆ ಹೇಳದೆ ನೇರ ಕೆಲಸಕ್ಕೆ ಬರುತ್ತೇನೆ.

ದುಡ್ಡು ದಂಡವಾದದ್ದು ಬಣ್ಣದ ಫ್ಲೆಕ್ಸ್ ಚಾರ್ಟಿಗೆ, ಸುಮಾರು ಆರುನೂರು ರೂಪಾಯಿ. ಅದರಲ್ಲಿ ‘ಅಂತೆ’ ಕೆಂಪಕ್ಷರದಲ್ಲಿತ್ತು. ಪರಿಣಾಮ, ‘ಅಂತೆ’ ಕಂಡಲ್ಲೆಲ್ಲ ಉಪಮೆ, ಅಂದರೆ ಹೋಲಿಕೆ. ‘ಅವನು ನಿನ್ನೆಯೇ ಬಂದನಂತೆ’ ಎಂಬುದು ಬರೀ ಕೇಳಿದ ಸುದ್ದಿ, ‘ಹೇಳಿದಂತೆ ಮಾಡಿದ’ ಎಂಬುದು ರೀತಿ, ‘ಬೀಳದಂತೆ ಹಿಡಿ’ ಎಂಬುದು ಉದ್ದೇಶ. ಮೂರಕ್ಕೂ ಉಪಮೆ ಎಂದೇ ಉತ್ತರ ಬರುತ್ತಿತ್ತು. ಹಳಗನ್ನಡದ ಸಾಲಿನಲ್ಲಿ ‘ವೊಲ್’, ‘ತೆರದಿ’ (ಎರಡೂ ‘ಹಾಗೆ’ ಎಂಬರ್ಥದವು) ಬಂದರೆ ಮಾತ್ರ ಗುರುತು ಸಿಗದು, ಏಕೆಂದರೆ ಅವು ಚಾರ್ಟಿನಲ್ಲಿ ಕೆಂಪಾಗಿರಲಿಲ್ಲ. ಬಿರುದುಗಳಿಂದಲೂ ಇಂಥದ್ದೇ ಕಾಟ. ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶ ಉಪಮಾಲೋಲ ಎಂದು ಮೊದಲೇ ಹೇಳಿಟ್ಟರೆ ಕವಿಯ ಹೆಸರು ನೋಡಿ ಅಲಂಕಾರ ಬರೆಯುತ್ತಾರೆ. ಹೆಸರನ್ನು ಮುಚ್ಚಿಯೇ ಪದ್ಯ ಕೊಡಿ.

ಕೆಲಸಕ್ಕೆ ಬಂದದ್ದು ಬಿಳಿ ಡ್ರಾಯಿಂಗ್ ಹಾಳೆ ಕತ್ತರಿಸಿ ಮಾಡಿದ ಕಾರ್ಡು, ಪೆನ್ಸಿಲು, ರಬ್ಬರು. ಒಂದು ತರಗತಿಗೆ ಐವತ್ತು–ಅರವತ್ತು ರೂಪಾಯಿ ಆದೀತು. ಕಾರ್ಡಿನ ಮೇಲೆ ವಾಕ್ಯವನ್ನು ಪೆನ್ಸಿಲಿನಲ್ಲಿ ಬರೆಸಿ, ಒಂದೊಂದೇ ತುಂಡು ಅಳಿಸಿ, ಏನು ಉಳಿಯಿತು ಎಂದು ಓದಿಸಬೇಕು. ಪೆನ್ನು ಬೇಡ; ಗೀಟು ಹೊಡೆದ ಪದ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಮಕ್ಕಳು ಅದನ್ನೂ ಸೇರಿಸಿಯೇ ಓದಿಬಿಡುತ್ತಾರೆ.

‘ಹಸುಳೆಯ ಕೆನ್ನೆ ಬೆಣ್ಣೆಯಂತೆ ಮೆತ್ತಗಿದೆ.’ ಉಪಮೇಯ (ವರ್ಣಿಸುವ ವಸ್ತು, ಕೆನ್ನೆ), ಉಪಮಾನ (ಹೋಲಿಕೆಗೆ ತಂದ ವಸ್ತು, ಬೆಣ್ಣೆ), ಸಮಾನಧರ್ಮ (ಎರಡಕ್ಕೂ ಇರುವ ಗುಣ, ಮೆತ್ತಗೆ), ವಾಚಕ (ಹೋಲಿಕೆ ತೋರುವ ಪದ, ಅಂತೆ) ನಾಲ್ಕೂ ಇರುವ ಪೂರ್ಣೋಪಮೆ. ‘ಮೆತ್ತಗೆ’ ಅಳಿಸಿ: ‘ಕೆನ್ನೆ ಬೆಣ್ಣೆಯಂತಿದೆ’. ಧರ್ಮ ಹೋಯಿತು, ಒಂದು ಅಂಗ ಲೋಪವಾದ ಲುಪ್ತೋಪಮೆ. ‘ಅಂತೆ’ಯನ್ನೂ ಅಳಿಸಿ: ‘ಕೆನ್ನೆಯೇ ಬೆಣ್ಣೆ’. ಎರಡೂ ಒಂದೇ ಎಂದಾಯಿತು, ರೂಪಕ. ಈಗ ಕೆನ್ನೆಯನ್ನೇ ಅಳಿಸಿ, ಹಸುಳೆಯನ್ನು ಮುಟ್ಟಿ ‘ಆಹಾ, ಬೆಣ್ಣೆ!’ ಅನ್ನಿ. ಉಪಮಾನ ಉಪಮೇಯವನ್ನು ನುಂಗಿತು, ಅತಿಶಯೋಕ್ತಿ. ಒಂದೇ ಕಾರ್ಡು, ನಾಲ್ಕು ನಿಲ್ದಾಣ. ಈ ಒಂದು ಕಾರ್ಡಿಗೆ ಪೂರ್ತಿ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಉತ್ಪ್ರೇಕ್ಷೆ, ಅಂದರೆ ಕವಿಯ ಊಹೆಯ ಅಲಂಕಾರ, ಮಾತ್ರ ಅಳಿಸುವುದಕ್ಕೆ ಬಗ್ಗುವುದಿಲ್ಲ. ‘ಮಳೆಯಲ್ಲಿ ಕೂತ ಕಾಗೆ ತನ್ನ ಕಪ್ಪು ತೊಳೆದುಕೊಳ್ಳಲೆಂದೇ ಕೂತಿದೆಯೋ ಎಂಬಂತಿತ್ತು.’ ಇಲ್ಲಿಯೂ ‘ಅಂತೆ’ ಇದೆ. ಕೇಳಬೇಕಾದ ಪ್ರಶ್ನೆ: ಹೋಲಿಸಿದ್ದು ಲೋಕದಲ್ಲಿ ಇದೆಯೋ, ಕವಿ ಊಹಿಸಿದ್ದೋ? ಬೆಣ್ಣೆ ಲೋಕದಲ್ಲಿದೆ. ಕಪ್ಪು ತೊಳೆದುಕೊಳ್ಳುವ ಕಾಗೆಯ ಆಸೆ ಕವಿಯ ತಲೆಯಲ್ಲಷ್ಟೇ ಇದೆ. ‘ಏನೋ’, ‘ಎಂಬಂತೆ’ ಕಂಡರೆ ಅನುಮಾನ ಪಡಿ, ಆದರೆ ತೀರ್ಪು ಈ ಪ್ರಶ್ನೆಯಿಂದಲೇ ಬರಲಿ.

ಹೆಚ್ಚು ಮಂದಿ ಎಡವುವುದು ಸಮಾಸಪದದಲ್ಲಿ. ‘ಪಾದಕಮಲ’ ಉಪಮೆಯೋ ರೂಪಕವೋ? ಆ ಪದವನ್ನೇ ಎಷ್ಟು ದಿಟ್ಟಿಸಿದರೂ ಉತ್ತರ ಸಿಗದು, ಪಕ್ಕದ ಪದ ನೋಡಬೇಕು. ‘ಗೆಜ್ಜೆ ಕಟ್ಟಿದ ಪಾದಕಮಲ’: ಗೆಜ್ಜೆ ಕಟ್ಟುವುದು ಪಾದಕ್ಕೆ, ಕಮಲಕ್ಕಲ್ಲ. ಪಾದ ಮುಖ್ಯ, ಆದ್ದರಿಂದ ಉಪಮೆ. ‘ದುಂಬಿ ಮುತ್ತಿದ ಪಾದಕಮಲ’: ದುಂಬಿ ಮುತ್ತುವುದು ಕಮಲವನ್ನು, ಆದ್ದರಿಂದ ರೂಪಕ. ಗೈಡುಗಳು ಸಮಾಸ ಕಂಡೊಡನೆ ‘ಎಂಬ’ ಸೇರಿಸಿ ರೂಪಕ ಎಂದು ಮುಗಿಸುತ್ತವೆ. ‘ಗೆಜ್ಜೆ ಕಟ್ಟಿದ ಪಾದವೆಂಬ ಕಮಲ’ ಎಂದು ಓದಿಸಿ ನೋಡಿ, ಮಕ್ಕಳೇ ನಗುತ್ತಾರೆ.

ಎರಡು ವಾಕ್ಯ ಬಂದರೆ ಮೊದಲು ಅದಲುಬದಲು ಮಾಡಿ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ತಿರುಗಿಸಿದರೂ ನಿಲ್ಲುತ್ತದೆ, ನಡುವೆ ‘ಹಾಗೆಯೇ’ ಕೂರುತ್ತದೆ: ದೃಷ್ಟಾಂತ. ‘ಬಾಗಿದ ಜೊಂಡು ಪ್ರವಾಹದಲ್ಲೂ ಉಳಿಯಿತು, ಬಾಗಿ ನಡೆಯುವವರಿಗೆ ಕೇಡಿಲ್ಲ.’ ಇಲ್ಲಿ ‘ಹಾಗೆಯೇ’ ಕೂರದು, ‘ಏಕೆಂದರೆ’ ಕೂರುತ್ತದೆ. ಒಂದು ವಿಶೇಷ (ಒಂದೇ ಸಂಗತಿಯ ಮಾತು), ಇನ್ನೊಂದು ಸಾಮಾನ್ಯ (ಎಲ್ಲಕ್ಕೂ ಸಲ್ಲುವ ಮಾತು): ಅರ್ಥಾಂತರನ್ಯಾಸ. ಕ್ರಮ ನೋಡಿ ನಿರ್ಧರಿಸಬೇಡಿ. ಸಾಮಾನ್ಯದ ಮಾತು ಮೊದಲೂ ಬರಬಹುದು.

ಒಂದೇ ಪದ ಎರಡು ಅರ್ಥ ಕೊಡುವ ಶ್ಲೇಷಕ್ಕೆ ರಬ್ಬರಿನ ಜೊತೆ ಪರ್ಯಾಯಪದ ಬೇಕು. ‘ಮಿತ್ರನು ಬಂದೊಡನೆ ಮನೆಯ ಕತ್ತಲೆ ಓಡಿತು.’ ‘ಮಿತ್ರ’ ಎಂದರೆ ಗೆಳೆಯನೂ ಹೌದು, ಸೂರ್ಯನೂ ಹೌದು. ಅದನ್ನು ಅಳಿಸಿ ‘ಗೆಳೆಯ’ ಬರೆಯಿರಿ. ಸೂರ್ಯ ಮಾಯ, ಚಮತ್ಕಾರವೂ ಮಾಯ. ಪದ ಬದಲಿಸಿದರೆ ಸಾಯುವುದು ಶಬ್ದಾಲಂಕಾರ, ಬದುಕುವುದು ಅರ್ಥಾಲಂಕಾರ. ಹೊಸ ಶೋಧವೇನಲ್ಲ, ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ ಶಬ್ದ–ಅರ್ಥಗಳನ್ನು ಬೇರೆ ಮಾಡುವುದೂ ಈ ತರ್ಕದಿಂದಲೇ. ಅಕ್ಷರ ಮರುಕಳಿಸುವ ಅನುಪ್ರಾಸ, ಪದವೋ ಪದಭಾಗವೋ ಮರುಕಳಿಸುವ ಯಮಕಕ್ಕೂ ಇದೇ ಪರೀಕ್ಷೆ ನಡೆಯುತ್ತದೆ, ಗಟ್ಟಿಯಾಗಿ ಓದಿಸಿದರೆ ಅದೂ ಬೇಡ.

ನಡುವೆ ದಿನಪತ್ರಿಕೆಯ ಶೀರ್ಷಿಕೆಗಳ ಮೇಲೂ ಪ್ರಯೋಗ ನಡೆಯಿತು. ‘ರನ್ ಹೊಳೆ’, ‘ಭರವಸೆಯ ಬೆಳಕು’ ಚೆನ್ನಾಗಿಯೇ ಸಿಕ್ಕವು. ಆದರೆ ‘ಗಡಿಯಾರದ ಮುಳ್ಳು’, ‘ಮೇಜಿನ ಕಾಲು’ ಕೂಡ ರೂಪಕವೇ ಎಂಬ ವಾದ ಎದ್ದು ಎರಡು ಪೀರಿಯಡ್ ಹೋಯಿತು. ರೂಢಿಯಲ್ಲಿ ಸವೆದ ಪದಗಳಿವು, ಚಮತ್ಕಾರ ಉಳಿದಿಲ್ಲ ಎಂದರೂ ಹಿಂದಿನ ಬೆಂಚು ಒಪ್ಪಲಿಲ್ಲ. ಪರೀಕ್ಷೆ ಹತ್ತಿರವಿದ್ದಾಗ ಇದಕ್ಕೆ ಕೈಹಾಕಬೇಡಿ.

ಕಾರ್ಡುಗಳನ್ನು ಯಾವ ಅನುಕ್ರಮದಲ್ಲಿ ಕೊಡುತ್ತೇನೆ, ನಡುವೆ ಅಲಂಕಾರವೇ ಇಲ್ಲದ ಸಾಲುಗಳನ್ನು ಎಲ್ಲಿ ಸೇರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಚಳಕ, ನನ್ನಲ್ಲೇ ಇರಲಿ.

ಇನ್ನು ಸಮನ್ವಯ, ಅಂದರೆ ಲಕ್ಷಣವನ್ನು ಕೊಟ್ಟ ಸಾಲಿಗೆ ಹೊಂದಿಸಿ ತೋರಿಸುವುದು. ಹೆಸರು, ಲಕ್ಷಣ ಸರಿ ಬರೆದವರೂ ಇಲ್ಲೇ ಅಂಕ ಕಳೆದುಕೊಳ್ಳುವುದು. ಕಾರ್ಡಿನ ತುಂಡುಗಳನ್ನು ವಾಕ್ಯದಲ್ಲಿದ್ದ ಕ್ರಮದಲ್ಲೇ ಪಕ್ಕಕ್ಕೆ ಬರೆದಿಡಲು ಹೇಳಿ: ಕೆನ್ನೆ ಉಪಮೇಯ, ಬೆಣ್ಣೆ ಉಪಮಾನ, ಅಂತೆ ವಾಚಕ, ಮೆತ್ತಗೆ ಸಮಾನಧರ್ಮ. ‘ಇಲ್ಲಿ ಕೆನ್ನೆಯನ್ನು ಮೆತ್ತಗಿರುವ ಗುಣದಿಂದ ಬೆಣ್ಣೆಗೆ ಹೋಲಿಸಿದೆ’ ಎಂದು ಆ ಪಟ್ಟಿಯನ್ನೇ ಜೋಡಿಸಿ ಬರೆದರೆ ಮೂರು ಸಾಲಿನೊಳಗೆ ಉತ್ತರ ಮುಗಿಯುತ್ತದೆ.